ಉಗ್ರಾಣದಲ್ಲಿರುವ ಶುದ್ಧಿದ್ರವ್ಯಗಳು: ಗುಣವರಿತು ಬಳಸುವ ಬಗೆ

ಪಾತ್ರೆ ಬೆಳಗುವುದು, ನೆಲ ಒರೆಸುವುದು, ಬಟ್ಟೆ ಒಗೆಯುವುದು ಇವೆಲ್ಲ ವಿದ್ಯೆಯೆನಿಸುವುವೇ, ಇವುಗಳನ್ನು ಕುರಿತು ಶಾಲೆಯ ಸಂಚಿಕೆಯಲ್ಲಿ ಲೇಖನ ಬರೆಯುವ ಅಗತ್ಯವುಂಟೇ ಎಂದು ಕೆಲವರು ಕೇಳಬಹುದು. ಹನ್ನೆರಡನೆಯ ಶತಮಾನದ ಶರಣರ ಸಮೂಹದಲ್ಲಿ ಬಟ್ಟೆ ಮಡಿಮಾಡುವ ಕಾಯಕದ ಮಾಚಿದೇವರಿಗೆ ದೊರೆತ ಗೌರವದ ಸ್ಥಾನವನ್ನು ಬಲ್ಲವರು ಈ ಪ್ರಶ್ನೆಯನ್ನು ಕೇಳಲಾರರು. ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿದ ಹಳೆಯ ವಿದ್ಯಾರ್ಥಿಗಳೂ ಕೇಳಲಾರರು. ಊಟವಾದೊಡನೆ ತಮ್ಮ ತಾಟನ್ನು ತಾವೇ ಬೂದಿಯಿಂದ ತಿಕ್ಕಿ, ತೊಳೆದು, ಬೋರಲಾಗಿಟ್ಟು ತರಗತಿಗೆ ಓಡಿದ ದಿನಗಳು ಅವರಲ್ಲಿ ಅನೇಕರ ನೆನಪಿನಲ್ಲಿರುತ್ತವೆ.

ಆ ಬೂದಿ ಜಿಡ್ಡನ್ನು ಏಕೆ ತೆಗೆಯುತ್ತಿತ್ತು, ಹುಣಸೆಹಣ್ಣು ಹಿತ್ತಾಳೆಯನ್ನು ಏಕೆ ಹೊಳೆಯಿಸುತ್ತದೆ, ಅದೇ ಹುಣಸೆಹಣ್ಣು ನೆಲದ ಕಲ್ಲನ್ನು ಏಕೆ ಕೆಡಿಸುತ್ತದೆ ಎಂಬುದನ್ನು ಮಾತ್ರ ನಮ್ಮಲ್ಲಿ ಬಹುಮಂದಿ ವಿಚಾರಿಸಿರುವುದಿಲ್ಲ. ಅಡಿಗೆಯ ಪದಾರ್ಥಗಳಿಂದ ಮನೆಯನ್ನು ಶುಚಿಗೊಳಿಸುವ ಸಲಹೆಗಳು ಇಂದು ಎಲ್ಲೆಡೆಯೂ ಕೇಳಿಬರುತ್ತವೆ. ಅವುಗಳಲ್ಲಿ ಕೆಲವು ಹಿರಿಯರ ಅನುಭವದಿಂದ ಬಂದವು, ಕೆಲವು ನಿರರ್ಥಕವಾದವು, ಕೆಲವು ಅಪಾಯಕರವಾದವು. ಇವುಗಳನ್ನು ಬೇರ್ಪಡಿಸಿ ನೋಡುವುದಕ್ಕೆ ಒಂದೇ ಸೂತ್ರವು ಸಾಕು. ತೊಳೆಯುವ ವಸ್ತುವಿನ ಗುಣವನ್ನೂ ತೊಳೆಯಿಸಿಕೊಳ್ಳುವ ವಸ್ತುವಿನ ಗುಣವನ್ನೂ ಒಟ್ಟಿಗೆ ಅರಿಯಬೇಕು. ಒಂದನ್ನು ಅರಿತು ಮತ್ತೊಂದನ್ನು ಮರೆತರೆ ಹಾನಿಯು ತಪ್ಪದು. ಈ ಸೂತ್ರವನ್ನು ಉದಾಹರಣೆಗಳ ಮೂಲಕ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಆರು ಬಗೆಯ ದ್ರವ್ಯಗಳು

ಉಗ್ರಾಣದಲ್ಲಿ ಎಷ್ಟೇ ಡಬ್ಬಿಗಳಿದ್ದರೂ, ಶುದ್ಧಿಯ ದೃಷ್ಟಿಯಿಂದ ಅಲ್ಲಿರುವ ಪದಾರ್ಥಗಳನ್ನು ಆರು ಬಗೆಯಾಗಿ ವಿಂಗಡಿಸಬಹುದು. ಹುಣಸೆ, ನಿಂಬೆ, ಹುಳಿಮಜ್ಜಿಗೆ, ವಿನಿಗರ್ ಇವು ಆಮ್ಲಗಳು, ಎಂದರೆ ಹುಳಿಗಳು. ಒಲೆಯ ಬೂದಿ, ಅಡಿಗೆ ಸೋಡಾ, ಒಗೆಯುವ ಸೋಡಾ ಇವು ಕ್ಷಾರಗಳು. ಅಂಟುವಾಳ, ಸೀಗೆಕಾಯಿ ಇವು ನೊರೆಯ ಕಾಯಿಗಳು. ಉಪ್ಪು, ಉಮಿಯ ಬೂದಿ ಮೊದಲಾದವು ತಿಕ್ಕುವ ಪುಡಿಗಳು. ಅಕ್ಕಿಯ ಗಂಜಿ, ಮೈದಾಹಿಟ್ಟು ಇವು ಅಂಟುಗಳು. ಕೊಬ್ಬರಿ, ಅಗಸೆ ಮೊದಲಾದವುಗಳ ಎಣ್ಣೆಗಳು ಜಿಡ್ಡುಗಳು. ಪ್ರತಿಯೊಂದು ಬಗೆಗೂ ಅದರದೇ ಆದ ಕೆಲಸವಿದೆ. ಒಂದು ಮಾಡುವ ಕೆಲಸವನ್ನು ಇನ್ನೊಂದು ಮಾಡಲಾರದು.

ಹುಳಿಯ ಕೆಲಸ

ತಾಮ್ರದ ಕೊಡವು ಗಾಳಿಗೆ ಕಪ್ಪಾಗುವುದು ಅದರ ಮೇಲ್ಮೈಯ ತಾಮ್ರವು ಆಮ್ಲಜನಕದೊಡನೆ ಕೂಡಿ ಆಕ್ಸೈಡ್ ಆಗುವುದರಿಂದ. ತೇವವೂ ಇಂಗಾಲದ ಡೈ ಆಕ್ಸೈಡೂ ಜೊತೆಗೂಡಿದಲ್ಲಿ ಹಸಿರು ಬಣ್ಣದ ಕಿಲುಬು ಹುಟ್ಟುತ್ತದೆ. ಇವೆರಡೂ ನೀರಿನಲ್ಲಿ ಕರಗುವುದಿಲ್ಲ. ಆದರೆ ಆಮ್ಲದಲ್ಲಿ ಕರಗುತ್ತವೆ. ಹುಣಸೆಯ ತಿರುಳಿನಲ್ಲಿ ನೂರಕ್ಕೆ ಸುಮಾರು 8 ರಿಂದ 18 ಭಾಗದಷ್ಟು ಟಾರ್ಟಾರಿಕ್ ಆಮ್ಲವಿರುತ್ತದೆ. ನಿಂಬೆಯ ರಸದಲ್ಲಿ ಸುಮಾರು 5 ರಿಂದ 6 ಭಾಗ ಸಿಟ್ರಿಕ್ ಆಮ್ಲವೂ, ಅಂಗಡಿಯ ವಿನಿಗರಿನಲ್ಲಿ 4 ರಿಂದ 5 ಭಾಗ ಅಸಿಟಿಕ್ ಆಮ್ಲವೂ, ಹುಳಿತ ಮಜ್ಜಿಗೆಯಲ್ಲಿ ಲ್ಯಾಕ್ಟಿಕ್ ಆಮ್ಲವೂ ಇರುತ್ತವೆ. ಹುಣಸೆಗೆ ಇನ್ನೊಂದು ಅನುಕೂಲವುಂಟು. ಅದರ ನಾರು ಮತ್ತು ತಿರುಳು ಪಾತ್ರೆಗೆ ಮೆತ್ತಿಕೊಂಡು ಆಮ್ಲವನ್ನು ಜಾರಿಹೋಗಗೊಡದೆ ಹಿಡಿದಿಡುತ್ತವೆ. ಚಿಟಿಕೆ ಉಪ್ಪು ಸೇರಿದರೆ ಕೆಲಸವು ಮತ್ತಷ್ಟು ಶೀಘ್ರವಾಗುತ್ತದೆ.

ಈ ಆಮ್ಲಗಳಲ್ಲಿ ಮೂರನ್ನು ಮೊದಲು ಬೇರ್ಪಡಿಸಿ ತೋರಿಸಿದವನು ಸ್ವೀಡನ್ ದೇಶದಲ್ಲಿ ಔಷಧದಂಗಡಿಯ ಕಾಯಕದಲ್ಲಿದ್ದ ಕಾರ್ಲ್ ವಿಲ್ಹೆಲ್ಮ್ ಷೀಲೆ. ಟಾರ್ಟಾರಿಕ್ ಆಮ್ಲವು ಅವನ ಮೊದಮೊದಲ ಶೋಧಗಳಲ್ಲಿ ಒಂದು. 1780ರಲ್ಲಿ ಹುಳಿತ ಹಾಲಿನಿಂದ ಲ್ಯಾಕ್ಟಿಕ್ ಆಮ್ಲವನ್ನೂ, 1784ರಲ್ಲಿ ನಿಂಬೆಯ ರಸದಿಂದ ಸಿಟ್ರಿಕ್ ಆಮ್ಲವನ್ನೂ ಅವನು ಪಡೆದನು. ಇವನ ಇನ್ನೊಂದು ಶೋಧವನ್ನು ಮುಂದೆ ಎಚ್ಚರಿಕೆಯ ಮಾತಿನಲ್ಲಿ ನೆನೆಯಬೇಕಾಗಿದೆ.

ಬಳಸುವ ವಿಧಾನ ಹೀಗಿದೆ. ನಿಂಬೆಹಣ್ಣಿನ ಗಾತ್ರದ ಹಳೆಯ ಹುಣಸೆಹಣ್ಣನ್ನು ಬೆಚ್ಚಗಿನ ನೀರಿನಲ್ಲಿ ಹತ್ತು ಹದಿನೈದು ನಿಮಿಷ ನೆನೆಯಿಸಿ, ಉಪ್ಪು ಬೆರೆಸಿ, ತಾಮ್ರ ಹಿತ್ತಾಳೆಗಳಿಗೆ ಹಚ್ಚಿ ಮೆಲ್ಲಗೆ ತಿಕ್ಕಬೇಕು. ಕಪ್ಪು ಬಿಟ್ಟೊಡನೆ ಧಾರಾಳವಾದ ನೀರಿನಿಂದ ತೊಳೆದು ಒಣಬಟ್ಟೆಯಿಂದ ಒರೆಸಬೇಕು. ಹುಳಿಯನ್ನು ಹಚ್ಚಿ ಗಂಟೆಗಟ್ಟಲೆ ಬಿಡುವುದು ತಪ್ಪು. ಹಿತ್ತಾಳೆಯು ತಾಮ್ರ ಮತ್ತು ಸತುಗಳ ಮಿಶ್ರಲೋಹ. ಹುಳಿಯು ಹೆಚ್ಚು ಹೊತ್ತು ನಿಂತರೆ ಸತುವು ಮೊದಲು ಕರಗಿ, ಪಾತ್ರೆಯ ಮೈ ಕೆಂಪು ತಿರುಗುತ್ತದೆ. ತೊಳೆದ ಪಾತ್ರೆಯನ್ನು ಒರೆಸದೆ ಬಿಟ್ಟರೂ ನೀರಿನ ಕಲೆಗಳು ಮರುದಿನವೇ ಮೂಡುತ್ತವೆ.

ಕಲಾಯಿಯ ಪಾತ್ರೆಗಳು

ದಾಸೋಹದ ಮನೆಗಳಿಗೆ ಭಕ್ತರು ತಮ್ಮ ಹಿರಿಯರ ಹೆಸರು ಕೊರೆಯಿಸಿ ಒಪ್ಪಿಸಿದ ಹಿತ್ತಾಳೆಯ ಹಂಡೆ, ಕೊಪ್ಪರಿಗೆ, ಪರಾತಗಳು ಮಠಗಳಲ್ಲಿ ಇಂದಿಗೂ ಉಂಟು. ಇವುಗಳ ವಿಷಯದಲ್ಲಿ ಎರಡು ಮಾತುಗಳನ್ನು ವಿಶೇಷವಾಗಿ ಹೇಳಬೇಕು.

ಮೊದಲನೆಯದು ಆರೋಗ್ಯದ ಮಾತು. ಹುಳಿಯು ಕಿಲುಬನ್ನು ಕರಗಿಸುವಂತೆಯೇ ಲೋಹವನ್ನೂ ಸ್ವಲ್ಪ ಸ್ವಲ್ಪವಾಗಿ ಕರಗಿಸುತ್ತದೆ. ಕಲಾಯಿಯಿಲ್ಲದ ಹಿತ್ತಾಳೆಯಲ್ಲಿ ಸಾರು, ಹುಳಿ, ಮಜ್ಜಿಗೆಗಳನ್ನು ಇಟ್ಟರೆ ತಾಮ್ರವು ಆಹಾರದಲ್ಲಿ ಸೇರಿ ವಾಂತಿ, ಹೊಟ್ಟೆನೋವುಗಳನ್ನು ಉಂಟುಮಾಡುತ್ತದೆ. ಮನೆಯಲ್ಲಾದರೆ ನಾಲ್ವರು ನರಳುವರು; ಪಂಕ್ತಿಯಲ್ಲಾದರೆ ನೂರಾರು ಮಕ್ಕಳು ನರಳುವರು. ಇದನ್ನು ತಡೆಯುವುದಕ್ಕಾಗಿಯೇ ಕಲಾಯಿಗಾರನು ಪಾತ್ರೆಯನ್ನು ಕಾಯಿಸಿ, ನವಸಾಗರವನ್ನು ಎರಚಿ ಮೈಯನ್ನು ಶುದ್ಧಿಮಾಡಿ, ಕರಗಿದ ತವರವನ್ನು ಒಳಮೈಗೆಲ್ಲ ಅರಳೆಯಿಂದ ಸವರುತ್ತಾನೆ. ತವರದ ಆ ಪದರವು ಅತಿ ತೆಳುವಾದುದು. ಆದುದರಿಂದ ಹುಣಸೆ, ಮರಳು, ಇಟ್ಟಿಗೆಪುಡಿಗಳ ತಿಕ್ಕಾಟವು ಹೊರಮೈಗೆ ಮೀಸಲಾಗಿರಬೇಕು. ಹುಣಸೆಯನ್ನು ಸಹ ಒಳಮೈಗೆ ಹಚ್ಚಬಾರದು. ಒಳಮೈಗೆ ಮೆತ್ತನೆಯ ಬಟ್ಟೆ, ಸಾಬೂನು ಅಥವಾ ಸೀಗೆಪುಡಿ ಸಾಕು. ತವರವು 232 ಡಿಗ್ರಿ ಸೆಲ್ಸಿಯಸ್ಸಿಗೇ ಕರಗುವುದರಿಂದ ಬರಿಯ ಪಾತ್ರೆಯನ್ನು ಉರಿಯ ಮೇಲಿಡಲೂ ಬಾರದು. ಒಳಗೆ ಹಿತ್ತಾಳೆಯ ಹಳದಿ ಬಣ್ಣ ಕಂಡ ಪಾತ್ರೆಯನ್ನು ಮತ್ತೆ ಕಲಾಯಿ ಹಾಕಿಸುವವರೆಗೆ ಅಡಿಗೆಗೆ ಬಳಸದಿರುವುದೇ ಕ್ಷೇಮ.

ಎರಡನೆಯದು ಕೃತಜ್ಞತೆಯ ಮಾತು. ಮರಳಿನಿಂದ ವರ್ಷಗಟ್ಟಲೆ ತಿಕ್ಕಿದ ಪಾತ್ರೆಗಳ ಮೇಲೆ ದಾನಿಗಳ ಹೆಸರುಗಳು ಸವೆದು ಓದಲು ಬಾರದಂತಾಗುತ್ತವೆ. ಹುಳಿಯು ಕಪ್ಪನ್ನು ಕರಗಿಸಿ ತೆಗೆಯುತ್ತದೆ. ಮರಳು ಲೋಹವನ್ನೇ ಕೆರೆದು ತೆಗೆಯುತ್ತದೆ. ಕೊರೆದ ಅಕ್ಷರಗಳಿರುವ ಭಾಗಕ್ಕೆ ಮರಳನ್ನು ಸೋಕಿಸದಿದ್ದರೆ, ಕೊಟ್ಟವರ ಹೆಸರು ಅವರ ಮೊಮ್ಮಕ್ಕಳ ಕಣ್ಣಿಗೂ ಬೀಳುವುದು.

ಹುಳಿಯ ಮಿತಿ

ಕೊಳವೆಬಾವಿಯ ಗಡಸು ನೀರನ್ನು ಬಳಸುವ ಊರುಗಳಲ್ಲಿ ನಲ್ಲಿಯ ಬಾಯಿಗೆ, ಕೊಡದ ಅಂಚಿಗೆ, ನೀರು ಕಾಯಿಸುವ ಪಾತ್ರೆಯ ತಳಕ್ಕೆ ಬಿಳಿಯ ಹಕ್ಕಳೆ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಇದು ಬಹುಮಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟ್, ಎಂದರೆ ಸುಣ್ಣದ ಕಲ್ಲಿನ ದ್ರವ್ಯ. ಸಾಬೂನಿಗೆ ಇದು ಜಗ್ಗುವುದಿಲ್ಲ. ಹಿಂಡಿದ ನಿಂಬೆಯ ಸಿಪ್ಪೆಯನ್ನು ಒತ್ತಿಟ್ಟರೆ, ಅಥವಾ ವಿನಿಗರಿನಲ್ಲಿ ತೋಯಿಸಿದ ಬಟ್ಟೆಯನ್ನು ಅರ್ಧ ಗಂಟೆ ಸುತ್ತಿಟ್ಟರೆ, ಸಣ್ಣ ಗುಳ್ಳೆಗಳೆದ್ದು ಹಕ್ಕಳೆಯು ಸಡಿಲವಾಗುತ್ತದೆ. ಆ ಗುಳ್ಳೆಗಳು ಇಂಗಾಲದ ಡೈ ಆಕ್ಸೈಡ್ ಅನಿಲದವು. ಉಕ್ಕಿನ ಪಾತ್ರೆಗೆ ಇಷ್ಟರಿಂದ ಹಾನಿಯಿಲ್ಲ.

ಇಷ್ಟು ಕಂಡವರು ಅದೇ ಹುಳಿಯಿಂದ ನೆಲವನ್ನೂ ಒರೆಸಲು ಹೊರಡುವುದುಂಟು. ಇಲ್ಲಿಯೇ ಎಡವುತ್ತಾರೆ. ಕಲಬುರಗಿ ಜಿಲ್ಲೆಯ ಶಹಾಬಾದ್ ಸುತ್ತಿನ ಗಣಿಗಳಿಂದ ಬಂದ ಚಪ್ಪಡಿಗಳು ಉತ್ತರ ಕರ್ನಾಟಕದ ಎಷ್ಟೋ ಶಾಲೆ, ಮಠ, ಮನೆಗಳ ನೆಲವಾಗಿವೆ. ಶಹಾಬಾದ್ ಕಲ್ಲು ಸುಣ್ಣದ ಕಲ್ಲಿನ ಜಾತಿಯದು. ಕಡಪದ ಕಪ್ಪು ಕಲ್ಲೂ ಅಂಥದೇ. ಅಮೃತಶಿಲೆಯೂ ಅದೇ ಕುಲಕ್ಕೆ ಸೇರಿದುದು. ನಲ್ಲಿಯ ಹಕ್ಕಳೆಯನ್ನು ಕರಗಿಸಿದ ಹುಳಿಯು ನೆಲದ ಕಲ್ಲನ್ನು ಹಕ್ಕಳೆಯೆಂದೇ ಭಾವಿಸುತ್ತದೆ! ನುಣುಪಾದ ಮೈ ಮಂಕಾಗಿ, ಉರುಟಾಗಿ, ಮುಂದೆ ಹೆಚ್ಚು ಕೊಳೆಯನ್ನು ಹಿಡಿಯುತ್ತದೆ. ಹೀಗೆ ಹೋದ ಹೊಳಪು ತೊಳೆಯುವುದರಿಂದ ಮರಳಿ ಬಾರದು. ಕಲ್ಲನ್ನು ಮತ್ತೆ ಉಜ್ಜಿಸಬೇಕಾಗುತ್ತದೆ. ಇಂತಹ ನೆಲಕ್ಕೆ ಬೆಚ್ಚಗಿನ ನೀರು, ಸ್ವಲ್ಪ ಸಾಬೂನು ಇಷ್ಟೇ ಯೋಗ್ಯ. ಗ್ರಾನೈಟ್, ಎಂದರೆ ಕಣಶಿಲೆಯು ಬೇರೆ ದ್ರವ್ಯದ ಕಲ್ಲಾದುದರಿಂದ ನಿಂಬೆಯ ಹುಳಿಗೆ ಸುಲಭವಾಗಿ ಬಗ್ಗುವುದಿಲ್ಲ.

ಈ ಭೇದವನ್ನು ವಿಜ್ಞಾನದ ಅಧ್ಯಾಪಕರು ತರಗತಿಯಲ್ಲಿ ತೋರಿಸಬಹುದು. ಶಹಾಬಾದ್ ಕಲ್ಲಿನ ಒಂದು ಚೂರು, ಗ್ರಾನೈಟಿನ ಒಂದು ಚೂರು, ಸೀಮೆಸುಣ್ಣದ ಒಂದು ತುಂಡು ಇವುಗಳ ಮೇಲೆ ವಿನಿಗರಿನ ಕೆಲವು ತೊಟ್ಟುಗಳನ್ನು ಬಿಟ್ಟು ಮಕ್ಕಳಿಗೆ ಗಮನಿಸಲು ಹೇಳಬೇಕು. ಯಾವುದರಿಂದ ಗುಳ್ಳೆ ಏಳುವುದೋ ಅದಕ್ಕೆ ಹುಳಿಯು ವೈರಿ. ಸೀಮೆಸುಣ್ಣವು ಜಿಪ್ಸಂನಿಂದ ಮಾಡಿದುದಾದರೆ ಗುಳ್ಳೆ ಏಳದು. ಏಕೆಂದು ವಿಚಾರಿಸುವ ವಿದ್ಯಾರ್ಥಿಗೆ ಅದೇ ಮುಂದಿನ ಪಾಠ.

ಕಬ್ಬಿಣದ ಹಂಚು, ಬಾಣಲೆಗಳಿಗೂ ಹುಳಿಯು ಸಲ್ಲದು. ಎಣ್ಣೆಯು ಕಾದು ಕಾದು ಕಟ್ಟಿದ ಕಪ್ಪು ಪದರವೇ ರೊಟ್ಟಿಯ ಹಂಚಿಗೆ ರಕ್ಷೆ. ಅದನ್ನು ತೊಳೆದೊಡನೆ ಉರಿಯ ಮೇಲೆ ಆರಿಸಿ, ಒಂದು ತೊಟ್ಟು ಎಣ್ಣೆ ಸವರಿಟ್ಟರೆ ತುಕ್ಕು ಹಿಡಿಯದು. ಅಲ್ಯೂಮಿನಿಯಂ ಪಾತ್ರೆಯ ಮಾತು ಬೇರೆ. ಗಡಸು ನೀರು ಕುದಿದಾಗ ಅದರ ಒಳಮೈ ಕಪ್ಪಾಗುತ್ತದೆ. ಇಡ್ಲಿ ಬೇಯಿಸುವ ನೀರಿಗೆ ಹುಣಸೆಯ ಚೂರನ್ನೋ ನಿಂಬೆಯ ಸಿಪ್ಪೆಯನ್ನೋ ಹಾಕುವ ಗೃಹಿಣಿಯರ ಪದ್ಧತಿಯು ಈ ಕಪ್ಪನ್ನು ತಡೆಯುವುದಕ್ಕಾಗಿಯೇ ಬಂದುದು, ಮತ್ತು ಸರಿಯಾದುದು.

ಕ್ಷಾರದ ಕೆಲಸ

ಕಿಲುಬಿಗೆ ಹುಳಿಯು ಹೇಗೋ ಜಿಡ್ಡಿಗೆ ಕ್ಷಾರವು ಹಾಗೆ. ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವಿರುತ್ತದೆ. ಹಿಂದೆ ಯುರೋಪಿನಲ್ಲಿ ಬೂದಿಯ ನೀರನ್ನು ಮಡಕೆಗಳಲ್ಲಿ ಕುದಿಸಿ ಇಂಗಿಸಿ ಇದನ್ನು ತೆಗೆಯುತ್ತಿದ್ದರು. ಇಂಗ್ಲಿಷಿನಲ್ಲಿ ಮಡಕೆ, ಬೂದಿ ಎಂಬ ಎರಡು ಪದಗಳು ಕೂಡಿಯೇ ‘ಪೊಟ್ಯಾಷ್’ ಎಂಬ ಹೆಸರಾಯಿತು. 1807ರಲ್ಲಿ ಹಂಫ್ರಿ ಡೇವಿಯು ಪೊಟ್ಯಾಷಿನಿಂದ ವಿದ್ಯುತ್ತಿನ ಮೂಲಕ ಪಡೆದ ಲೋಹಕ್ಕೆ ಪೊಟ್ಯಾಸಿಯಂ ಎಂಬ ಹೆಸರೂ ಅಲ್ಲಿಂದಲೇ ಬಂದಿತು. ಬೂದಿಯ ಕ್ಷಾರವು ತಾಟಿನ ಎಣ್ಣೆಯೊಡನೆ ಸೇರಿ ಜಿಡ್ಡನ್ನು ಸಡಿಲಿಸುತ್ತದೆ. ಬೂದಿಯ ಕಣಗಳು ಅದನ್ನು ಹೀರಿಕೊಂಡು ಬರುತ್ತವೆ. ಹಳೆಯ ವಿದ್ಯಾರ್ಥಿಗಳು ಪ್ರಸಾದನಿಲಯದ ಬಚ್ಚಲುಕಟ್ಟೆಯ ಬಳಿ ಅರಿಯದೆಯೇ ಮಾಡುತ್ತಿದ್ದ ರಸಾಯನ ಪ್ರಯೋಗವಿದು!

ಗ್ಯಾಸಿನ ಒಲೆಗಳು ಬಂದ ಮೇಲೆ ಬೂದಿಯು ಅಪರೂಪವಾಗಿದೆ. ದೊರೆತಲ್ಲಿಯೂ ಅದು ಶುದ್ಧವಾದ ಕಟ್ಟಿಗೆಯ ಬೂದಿಯಾಗಿರಬೇಕು. ಬಣ್ಣ ಬಳಿದ ಮರ, ಪ್ಲಾಸ್ಟಿಕ್, ಕಸ ಇವುಗಳನ್ನು ಸುಟ್ಟ ಬೂದಿಯನ್ನು ಉಣ್ಣುವ ಪಾತ್ರೆಗೆ ಸೋಕಿಸಬಾರದು. ಭತ್ತದ ಉಮಿಯ ಬೂದಿಯಲ್ಲಿ ಬಹುಭಾಗ ಮರಳಿನ ಮೂಲದ್ರವ್ಯವಾದ ಸಿಲಿಕವೇ ಇರುವುದರಿಂದ ಅದು ಉಕ್ಕಿನ ತಾಟಿನ ಮೇಲೆ ಗೀರು ಎಳೆಯುತ್ತದೆ.

ಬೂದಿಯ ಸ್ಥಾನವನ್ನು ಅಡಿಗೆ ಸೋಡಾ ಒಂದಿಷ್ಟು ತುಂಬಬಲ್ಲುದು. ಇದು ಮೃದುವಾದ ಕ್ಷಾರ. ತಳ ಹತ್ತಿದ ಉಕ್ಕಿನ ಪಾತ್ರೆಯಲ್ಲಿ ನೀರು ಹಾಕಿ, ಎರಡು ಮೂರು ಚಮಚ ಸೋಡಾ ಬೆರೆಸಿ, ಕುದಿಸಿ ರಾತ್ರಿಯಿಡೀ ಬಿಟ್ಟರೆ ಮರುದಿನ ಸುಟ್ಟ ಪದರವು ಸುಲಭವಾಗಿ ಏಳುತ್ತದೆ. ಫ್ರಿಜ್ಜಿನ ಒಳಮೈ ಒರೆಸುವುದಕ್ಕೂ ಇದು ಯೋಗ್ಯ. ಒಗೆಯುವ ಸೋಡಾ ಇದಕ್ಕಿಂತ ತೀಕ್ಷ್ಣವಾದುದು. ಅದನ್ನು ಮುಟ್ಟುವವರು ಕೈಗವಸು ಧರಿಸಬೇಕು. ನೋಡಲು ಉಪ್ಪಿನಂತೆಯೇ ಇರುವ ಅದನ್ನು ಅಡಿಗೆಯ ಸಾಮಾನಿನ ಸಾಲಿನಲ್ಲಿ ಇಡಲೇಬಾರದು. ಅಲ್ಯೂಮಿನಿಯಂ ಪಾತ್ರೆಗೆ ಈ ಎರಡು ಸೋಡಾಗಳೂ ಹಿತವಲ್ಲ. ಅವು ಅದನ್ನು ಕಪ್ಪಾಗಿಸಿ ತಿನ್ನುತ್ತವೆ.

ಸೋಡಾ ಮತ್ತು ವಿನಿಗರುಗಳನ್ನು ಕೂಡಿಸಿದರೆ ಎರಡರ ಶಕ್ತಿಯೂ ಒಂದಾಗುತ್ತದೆಂಬ ನಂಬಿಕೆಯೊಂದು ಈಚೆಗೆ ಹರಡಿದೆ. ಎಂಟನೆಯ ತರಗತಿಯ ವಿದ್ಯಾರ್ಥಿಯೂ ಇದನ್ನು ಖಂಡಿಸಬಲ್ಲನು. ಆಮ್ಲವು ಕ್ಷಾರವನ್ನು ಕೂಡಿದಾಗ ಎರಡೂ ತಟಸ್ಥವಾಗುತ್ತವೆ. ನೊರೆಯು ಅಬ್ಬರಿಸಿ ಏಳುತ್ತದೆ. ಕೊನೆಗೆ ಉಳಿಯುವುದು ಹೆಚ್ಚೂ ಕಡಿಮೆ ಲವಣದ ನೀರು. ಜಿಡ್ಡಿಗೆ ಸೋಡಾ, ಹಕ್ಕಳೆಗೆ ಹುಳಿ ಎಂದು ಬೇರೆ ಬೇರೆಯಾಗಿ ಬಳಸಿದಾಗಲೇ ಎರಡೂ ಸಾರ್ಥಕ.

ನೊರೆಯ ಕಾಯಿಗಳು

ಅಂಟುವಾಳದ ಸಿಪ್ಪೆಯಲ್ಲಿಯೂ ಸೀಗೆಕಾಯಿಯಲ್ಲಿಯೂ ಸಪೋನಿನ್ ಎಂಬ ದ್ರವ್ಯಗಳಿವೆ. ಅವುಗಳ ಅಣುವಿನ ಒಂದು ತುದಿಗೆ ನೀರು ಪ್ರಿಯ, ಇನ್ನೊಂದಕ್ಕೆ ಜಿಡ್ಡು ಪ್ರಿಯ. ಹೀಗಾಗಿ ಅವು ಜಿಡ್ಡನ್ನು ಹಿಡಿದು ನೀರಿಗೆ ಒಪ್ಪಿಸುತ್ತವೆ. ಅಂಟುವಾಳದ ಶಾಸ್ತ್ರೀಯ ನಾಮವಾದ ‘ಸಪಿಂಡಸ್’ ಎಂಬುದು ‘ಭಾರತದ ಸಾಬೂನು’ ಎಂಬ ಅರ್ಥದ ಲ್ಯಾಟಿನ್ ಪದಗಳಿಂದ ಆದುದೆಂಬುದು ನಮಗೆ ಅಭಿಮಾನದ ಸಂಗತಿ.

ರೇಷ್ಮೆ ಮತ್ತು ಉಣ್ಣೆಗಳ ಎಳೆಗಳು ಸಸಾರಜನಕ, ಎಂದರೆ ಪ್ರೋಟೀನುಗಳಿಂದ ಆದವು. ಸೋಡಾ ಮತ್ತು ಬಟ್ಟೆಯ ಸಾಬೂನುಗಳ ಕ್ಷಾರವು ಈ ಎಳೆಗಳನ್ನು ದುರ್ಬಲಗೊಳಿಸುತ್ತದೆ. ಅಂಟುವಾಳದ ನೀರು ಕ್ಷಾರವಲ್ಲ. ಮೊಳಕಾಲ್ಮೂರಿನ ರೇಷ್ಮೆಸೀರೆಯನ್ನೋ ರೇಷ್ಮೆಯ ಸೆರಗಿನ ಇಳಕಲ್ ಸೀರೆಯನ್ನೋ ನಮ್ಮ ತಾಯಂದಿರು ಅಂಟುವಾಳದಲ್ಲಿಯೇ ಅದ್ದಿ ತೆಗೆಯುತ್ತಿದ್ದುದರ ಮರ್ಮವಿದು. ಏಳೆಂಟು ಕಾಯಿಗಳ ಬೀಜ ತೆಗೆದು, ಸಿಪ್ಪೆಯನ್ನು ಬಿಸಿನೀರಿನಲ್ಲಿ ರಾತ್ರಿ ನೆನೆಯಿಟ್ಟು, ಬೆಳಗ್ಗೆ ಕಿವುಚಿ ಸೋಸಿದರೆ ಒಂದು ಸೀರೆಗೆ ಸಾಕಾಗುವಷ್ಟು ನೊರೆನೀರು ದೊರೆಯುತ್ತದೆ. ಇದು ಕಣ್ಣಿಗೆ ಬಿದ್ದರೆ ಬಹಳ ಉರಿಯುತ್ತದೆ. ಮಕ್ಕಳ ಬಗ್ಗೆ ಜಾಗರೂಕತೆ ಬೇಕು.

ಬೆಳ್ಳಿಯ ಸಾಮಗ್ರಿಗಳು

ಬೆಳ್ಳಿಯು ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದ ಅನಿಲಗಳಿಂದ. ಅದರ ಮೈಯ ಮೇಲೆ ಬೆಳ್ಳಿಯ ಸಲ್ಫೈಡ್ ಪದರವಾಗಿ ಕೂರುತ್ತದೆ. ಪುಡಿಯಿಂದ ತಿಕ್ಕಿದರೆ ಆ ಪದರದೊಡನೆ ಬೆಳ್ಳಿಯೂ ಹೋಗುತ್ತದೆ. ಹಬ್ಬಹಬ್ಬಕ್ಕೂ ತೂಕವು ಅಷ್ಟಷ್ಟು ಕಡಿಮೆಯಾಗುತ್ತದೆ. ಬೇರೊಂದು ಮಾರ್ಗವುಂಟು. ಅಗಲವಾದ ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆಯನ್ನು ಹಾಸಿ, ಒಂದು ಲೀಟರ್ ಬಿಸಿನೀರಿಗೆ ಎರಡು ಚಮಚ ಅಡಿಗೆ ಸೋಡಾ ಬೆರೆಸಿ, ಬೆಳ್ಳಿಯು ಹಾಳೆಯನ್ನು ಮುಟ್ಟುವಂತೆ ಕೆಲವು ನಿಮಿಷ ಮುಳುಗಿಸಿಡಬೇಕು. ಗಂಧಕವು ಬೆಳ್ಳಿಯನ್ನು ಬಿಡುತ್ತದೆ. ಬೆಳ್ಳಿಯು ಬೆಳ್ಳಿಯಾಗಿ ತನ್ನ ಸ್ಥಾನದಲ್ಲಿಯೇ ಉಳಿಯುತ್ತದೆ. ಹರಳು ಕೂರಿಸಿದ, ಅರಗು ತುಂಬಿದ ಒಡವೆಗಳಿಗೆ ಈ ವಿಧಾನ ಬೇಡ.

ಬೆಳ್ಳಿಯ ಕರಡಿಗೆಯನ್ನು ಶುಚಿಮಾಡುವಾಗ ಇಷ್ಟಲಿಂಗವನ್ನು ಹೊರತೆಗೆದು ಪ್ರತ್ಯೇಕವಾಗಿಟ್ಟು, ಶಿವದಾರವನ್ನು ಬಿಚ್ಚಿ, ಬರಿಯ ಕರಡಿಗೆಯನ್ನು ಮಾತ್ರ ತೊಳೆಯಬೇಕು. ಇಷ್ಟಲಿಂಗಕ್ಕೆ ಹುಳಿಯಾಗಲಿ ಸೋಡಾ ಆಗಲಿ ಸೋಕಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಗಂಜಿ ಮತ್ತು ಎಣ್ಣೆ

ಅನ್ನ ಬಸಿದ ಗಂಜಿಯು ಧೋತರ, ಪಂಚೆಗಳಿಗೆ ಬಿರುಸನ್ನು ಕೊಡುವುದಲ್ಲದೆ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಕೊಳೆಯು ನೂಲಿನ ಎಳೆಗೆ ಅಂಟುವ ಬದಲು ಗಂಜಿಯ ಪದರಕ್ಕೆ ಅಂಟಿ, ಮುಂದಿನ ಒಗೆತದಲ್ಲಿ ಗಂಜಿಯೊಡನೆಯೇ ಹೊರಟುಹೋಗುತ್ತದೆ. ಆದರೆ ಗಂಜಿ ಹಾಕಿದ ಬಟ್ಟೆಯನ್ನು ತೇವದ ಸ್ಥಳದಲ್ಲಿ ಬಹುಕಾಲ ಮಡಿಸಿಡಬಾರದು; ಬೂಷ್ಟು ಮತ್ತು ಹುಳುಗಳಿಗೆ ಅದು ಆಹಾರವಾಗುತ್ತದೆ. ಮೈದಾ ಅಂಟಿನಿಂದ ಕಟ್ಟಿದ ಪುಸ್ತಕಗಳಿಗೆ ಹುಳು ಬೀಳುವುದೂ ಇದೇ ಕಾರಣದಿಂದ.

ಕೆಂಪು ಗಾರೆಯ ನೆಲಕ್ಕೆ ಕೊಬ್ಬರಿ ಎಣ್ಣೆಯ ಕೆಲವೇ ಹನಿಗಳನ್ನು ಬಟ್ಟೆಗೆ ಹಾಕಿ ಒರೆಸಿದರೆ ಬಣ್ಣವು ತಿಳಿಯಾಗಿ ಕಾಣುತ್ತದೆ. ಹೆಚ್ಚಾದರೆ ವೃದ್ಧರು ಜಾರಿ ಬೀಳುವರು. ಬಾಗಿಲು, ತೊಲೆಗಳಿಗೆ ಅಗಸೆ ಎಣ್ಣೆಯು ಶ್ರೇಷ್ಠವಾದುದು. ಅದು ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾದ ಪೊರೆಯಾಗುತ್ತದೆ. ಹೀಗೆ ಗಟ್ಟಿಯಾಗುವಾಗ ಶಾಖವು ಹುಟ್ಟುತ್ತದೆಂಬುದನ್ನು ಮರೆಯಬಾರದು. ಅಗಸೆ ಎಣ್ಣೆಯಲ್ಲಿ ತೋಯ್ದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಯಲ್ಲಿ ಎಸೆದರೆ ಆ ಶಾಖವು ಒಳಗೇ ಕೂಡಿ, ಕಿಡಿಯಿಲ್ಲದೆಯೇ ಬೆಂಕಿ ಹತ್ತುವುದುಂಟು. ಅಂತಹ ಬಟ್ಟೆಗಳನ್ನು ಬಯಲಿನಲ್ಲಿ ಹರವಿ ಒಣಗಿಸಬೇಕು, ಅಥವಾ ನೀರಿನಲ್ಲಿ ಮುಳುಗಿಸಿಡಬೇಕು.

ತಾಳೆಗರಿಯ ಕಟ್ಟುಗಳಿರುವ ಮನೆಗಳಲ್ಲಿ ಈ ಲೇಖನದ ಯಾವ ಪ್ರಯೋಗವನ್ನೂ ಅವುಗಳ ಮೇಲೆ ಮಾಡಬಾರದು. ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತರಲು ಸಾಧ್ಯವಾದುದು ತಲೆಮಾರುಗಳ ಕಾಲ ಯಾರೋ ಅಂತಹ ಗರಿಗಳನ್ನು ಕಾಪಾಡಿದ್ದರಿಂದ. ಅವುಗಳ ಸಂರಕ್ಷಣೆಯನ್ನು ಬಲ್ಲ ತಜ್ಞರಿಗೇ ಒಪ್ಪಿಸಬೇಕು.

ಎಂದಿಗೂ ಬೆರೆಸಬಾರದವು

ಹಿಂದೆ ಹೇಳಿದ ಷೀಲೆಯು 1774ರಲ್ಲಿ ಆಮ್ಲವನ್ನು ಮ್ಯಾಂಗನೀಸಿನ ಅದಿರಿನೊಡನೆ ಕಾಯಿಸಿ ಹಳದಿ ಹಸಿರು ಬಣ್ಣದ, ಉಸಿರು ಕಟ್ಟಿಸುವ ಅನಿಲವೊಂದನ್ನು ಪಡೆದನು. ಅದೇ ಕ್ಲೋರಿನ್. 1799ರಲ್ಲಿ ಇದನ್ನು ಸುಣ್ಣದಲ್ಲಿ ಹಿಡಿದಿಟ್ಟು ಬ್ಲೀಚಿಂಗ್ ಪುಡಿಯನ್ನು ಮಾಡುವ ವಿಧಾನಕ್ಕೆ ಹಕ್ಕುಪತ್ರ ದೊರೆಯಿತು. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿಯ ರಣರಂಗದಲ್ಲಿ ಇದೇ ಅನಿಲವನ್ನು ಜರ್ಮನ್ ಸೈನ್ಯವು ಎದುರಾಳಿಗಳ ಮೇಲೆ ಬಿಟ್ಟಿತು.

ಈ ಚರಿತ್ರೆಯನ್ನು ಹೇಳಿದ್ದಕ್ಕೆ ಕಾರಣವುಂಟು. ಬ್ಲೀಚಿಂಗ್ ಪುಡಿಗೆ ಅಥವಾ ಬ್ಲೀಚಿನ ದ್ರಾವಣಕ್ಕೆ ಯಾವ ಹುಳಿಯನ್ನು ಬೆರೆಸಿದರೂ ಆ ಅನಿಲವು ಮತ್ತೆ ಹೊರಬರುತ್ತದೆ. ಶೌಚಾಲಯಕ್ಕೆ ಬ್ಲೀಚಿಂಗ್ ಪುಡಿ ಹಾಕಿ, ಕಲೆ ಹೋಗಲಿಲ್ಲವೆಂದು ಮೇಲೆ ಆಸಿಡನ್ನೋ ವಿನಿಗರನ್ನೋ ಸುರಿದು, ಬಾಗಿಲು ಮುಚ್ಚಿದ ಕೋಣೆಯಲ್ಲಿ ತಿಕ್ಕಲು ಕುಳಿತವರ ಶ್ವಾಸಕೋಶಕ್ಕೆ ಅದು ಯುದ್ಧವೇ ಸರಿ. ಅಮೋನಿಯ ಬೆರೆತ ದ್ರಾವಣಗಳೊಡನೆ ಬ್ಲೀಚು ಸೇರಿದರೂ ವಿಷಾನಿಲವು ಹುಟ್ಟುತ್ತದೆ. ಕಣ್ಣು ಉರಿದು, ಕೆಮ್ಮು ಬಂದೊಡನೆ ಕೆಲಸ ಬಿಟ್ಟು ಬಯಲಿನ ಗಾಳಿಗೆ ಬರಬೇಕು. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಶಾಲೆಗಳಲ್ಲಿ ಈ ಕೆಲಸವನ್ನು ಮಾಡುವವರು ಬಹುಮಟ್ಟಿಗೆ ಬಡ ತಾಯಂದಿರು. ಸೀಸೆಯ ಮೇಲಿನ ಇಂಗ್ಲಿಷ್ ಬರಹವನ್ನು ಅವರು ಓದಲಾರದಿದ್ದರೆ, ಕನ್ನಡದಲ್ಲಿ ದೊಡ್ಡ ಅಕ್ಷರಗಳಿಂದ ಬರೆದು ಅಂಟಿಸುವುದೂ, ಬಾಯಿಮಾತಿನಲ್ಲಿ ತಿಳಿಯಹೇಳುವುದೂ, ಕೈಗವಸು ಕೊಡುವುದೂ ಆಡಳಿತದವರ ಮತ್ತು ಅಧ್ಯಾಪಕರ ಹೊಣೆ.

ಇನ್ನೊಂದು ವಿವೇಕವೂ ಅಗತ್ಯ. ಹೊಳಪು ಬೇರೆ, ಕ್ರಿಮಿನಾಶ ಬೇರೆ. ನಿಂಬೆ, ವಿನಿಗರ್, ಅರಿಶಿನಗಳು ಹೊಳಪನ್ನೋ ಸುವಾಸನೆಯನ್ನೋ ಕೊಟ್ಟರೂ ರೋಗಾಣುಗಳ ವಿಷಯದಲ್ಲಿ ನಂಬತಕ್ಕವಲ್ಲ. 2020ರ ಕೋವಿಡ್ ಕಾಲದಲ್ಲಿ ಮನೆಮನೆಗೂ ತಲುಪಿದ ಪಾಠವೆಂದರೆ ಸಾಬೂನಿನಿಂದ ಕೈತೊಳೆಯುವುದು. ಶೌಚಾಲಯ, ರೋಗಿಯ ಕೋಣೆ, ಕುಡಿಯುವ ನೀರಿನ ತೊಟ್ಟಿ ಇವುಗಳಿಗೆ ಸಾಬೂನು, ಕುದಿನೀರು, ತಕ್ಕ ಪ್ರಮಾಣದ ಬ್ಲೀಚು ಇವೇ ಬೇಕು. ಉಗ್ರಾಣದ ದ್ರವ್ಯಗಳ ಮೇಲಿನ ಅಭಿಮಾನವು ಇವುಗಳನ್ನು ತೊರೆಯುವಷ್ಟು ಬೆಳೆಯಬಾರದು.

ಮಿತಿಯೂ ಪ್ರಸಾದಭಾವವೂ

ಕೊನೆಯದಾಗಿ ಒಂದು ಸಂದೇಹವನ್ನು ಪರಿಹರಿಸಬೇಕು. ಉಣ್ಣುವ ಪದಾರ್ಥವನ್ನು ತೊಳೆಯಲು ಬಳಸುವುದು ಅನ್ನಕ್ಕೆ ಅಪಚಾರವಲ್ಲವೇ? ಉಣ್ಣಲು ಯೋಗ್ಯವಾದುದನ್ನು ಬಚ್ಚಲಿಗೆ ಸುರಿದರೆ ನಿಶ್ಚಯವಾಗಿ ಅಪಚಾರವೇ. ಗಂಡನಾದ ಮಾರಯ್ಯನು ಆಯ್ದು ತಂದ ಅಕ್ಕಿಯು ಅಂದಿನ ಅಗತ್ಯಕ್ಕಿಂತ ಹೆಚ್ಚಾಗಿದೆಯೆಂದು ಅದನ್ನು ಹಿಂದಕ್ಕೆ ಸುರಿದುಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಕೇಳಿ ಬೆಳೆದವರು ನಾವು. ಆದರೆ ನಮ್ಮ ಹಿರಿಯರು ಬಳಸಿದುದು ಉಣಿಸನ್ನಲ್ಲ, ಉಣಿಸಿನ ಶೇಷವನ್ನು. ರಸ ಹಿಂಡಿದ ನಿಂಬೆಯ ಸಿಪ್ಪೆ, ಸಾರಿಗೆ ಬಾರದ ಕಪ್ಪು ಹುಣಸೆ, ಹುಳಿಹೋದ ಮಜ್ಜಿಗೆ, ಬಸಿದ ಗಂಜಿ, ಉರಿದು ಆರಿದ ಬೂದಿ ಇವೇ ಅವರ ಶುದ್ಧಿದ್ರವ್ಯಗಳಾಗಿದ್ದವು. ದೊಡ್ಡ ಪಂಕ್ತಿಯ ಅಡಿಗೆಮನೆಯಲ್ಲಿ ಪ್ರತಿದಿನವೂ ಇವು ಬುಟ್ಟಿಗಟ್ಟಲೆ ಉಳಿಯುತ್ತವೆ. ಅವುಗಳನ್ನು ತಿಪ್ಪೆಗೆ ಎಸೆದು, ದಾನಿಗಳು ಕೊಟ್ಟ ಹಣದಿಂದ ಬಣ್ಣಬಣ್ಣದ ಸೀಸೆಗಳನ್ನು ಕೊಳ್ಳುವುದು ಮಿತವ್ಯಯವೂ ಅಲ್ಲ, ಪ್ರಸಾದಭಾವವೂ ಅಲ್ಲ.

ಪ್ರೌಢಶಾಲೆಯ ವಿದ್ಯಾರ್ಥಿಗಳನ್ನು ವರ್ಷಕ್ಕೆ ಒಂದೆರಡು ದಿನ ಉಗ್ರಾಣಕ್ಕೆ ಕರೆದೊಯ್ದು, ಪುಸ್ತಕದಲ್ಲಿ ಓದಿದ ಆಮ್ಲ, ಕ್ಷಾರ, ಲವಣಗಳನ್ನು ಅಲ್ಲಿ ಗುರುತಿಸಲು ಹೇಳಬಹುದು. ಗಂಡುಮಕ್ಕಳು ಹೆಣ್ಣುಮಕ್ಕಳೆಂಬ ಭೇದವಿಲ್ಲದೆ ಒಬ್ಬೊಬ್ಬರೂ ಒಂದೊಂದು ಪಾತ್ರೆಯನ್ನು ಬೆಳಗಲಿ. ಯಾವ ಪಾತ್ರೆಗೆ ಯಾವ ದ್ರವ್ಯ, ಏಕೆ, ಎಷ್ಟು ಹೊತ್ತು ಎಂಬುದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆಯಲಿ. ಕೈಯಿಂದ ಕಲಿತ ರಸಾಯನಶಾಸ್ತ್ರವು ಪರೀಕ್ಷೆಯ ಮರುದಿನ ಮರೆತುಹೋಗುವುದಿಲ್ಲ. ಕಾಯಕದಲ್ಲಿ ಮೇಲು ಕೀಳುಗಳಿಲ್ಲವೆಂಬ ಮಾತನ್ನು ಸಭೆಯಲ್ಲಿ ಕೇಳಿದ ಮಗುವು, ಅಂದು ಹಂಡೆಯ ಬಳಿ ಕುಳಿತಾಗ ಅದನ್ನು ತನ್ನ ಅನುಭವದಿಂದ ಅರಿಯುವುದು.